ಅಂಚಿನ ಮೇಲಿನ ಹೆಸರು

ಬರ್ ದುಬೈಯ ಬಟ್ಟೆ ಬಜಾರಿನಲ್ಲಿ ಸೂಟಿನ ಬಟ್ಟೆ ಕೊಂಡವರಿಗೆ ಈ ದೃಶ್ಯ ಹೊಸದಲ್ಲ. ಅಂಗಡಿಯ ಸಿಂಧಿ ಸೇಠರು ಥಾನನ್ನು ಮೇಜಿನ ಮೇಲೆ ಉರುಳಿಸುತ್ತಾರೆ. ಬಟ್ಟೆಯನ್ನು ಮುಟ್ಟಿ ನೋಡಲು ಬಿಡುತ್ತಾರೆ. ಕೊನೆಗೆ ಏನೋ ಗುಟ್ಟು ಹೇಳುವವರಂತೆ ಅದರ ಅಂಚನ್ನು ಮಡಚಿ ತೋರಿಸುತ್ತಾರೆ. ಅಲ್ಲಿ ಬೇರೆ ಬಣ್ಣದ ನೂಲಿನಲ್ಲಿ ನೇಯ್ದ ಅಕ್ಷರಗಳಿರುತ್ತವೆ: ಮೇಡ್ ಇನ್ ಹಡರ್ಸ್‌ಫೀಲ್ಡ್, ಇಂಗ್ಲೆಂಡ್. ದರ ಕೇಳಿದ ಮೇಲೆ ನಾವು ಮೆಲ್ಲನೆ ಪಕ್ಕದ ಥಾನಿನ ಕಡೆಗೆ ಕಣ್ಣು ಹಾಯಿಸುತ್ತೇವೆ, ಆ ಮಾತು ಬೇರೆ.

ಕಳೆದ ವರ್ಷ ಆ ಅಂಚಿನ ಊರಿಗೇ ಹೋಗುವ ಅವಕಾಶ ನನಗೆ ಸಿಕ್ಕಿತು. ಮಗಳು ಹಡರ್ಸ್‌ಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಇಂಟೀರಿಯರ್ ಡಿಸೈನ್ ಓದುತ್ತಿದ್ದಾಳೆ. ನಾನು ಇಲ್ಲಿ ಇಂಟೀರಿಯರ್ ಫಿಟ್‌ಔಟ್ ಕಂಪನಿಗಳಲ್ಲಿ ಲೆಕ್ಕ ಬರೆಯುತ್ತ ಕೂದಲು ಬೆಳ್ಳಗಾಗಿಸಿಕೊಂಡವನು. ಎಷ್ಟು ಚದರ ಮೀಟರ್ ಜಿಪ್ಸಂ, ಎಷ್ಟು ಹಾಳೆ ವಿನೀರ್, ಎಷ್ಟು ಜೊತೆ ಹಿಂಜು ಎನ್ನುವುದೇ ನನ್ನ ಪುರಾಣ. ಹೊರಡುವಾಗ ತಲೆಯಲ್ಲಿ ಒಂದು ಪ್ರಶ್ನೆ ಕೂತಿತ್ತು. ಅದು ನನ್ನದಲ್ಲ, ಕಾರ್ಕಳದ ಕಡೆಯ ಒಬ್ಬ ಆಚಾರ್ರದು.

ಆಚಾರ್ರು 21 ವರ್ಷ ಶಾರ್ಜಾದ ಒಂದು ಜಾಯಿನರಿ ಶೆಡ್ಡಿನಲ್ಲಿ ಕೆಲಸ ಮಾಡಿದವರು. ಹೋಟೆಲಿನ ರಿಸೆಪ್ಷನ್ ಕೌಂಟರು, ವಿಲ್ಲಾಗಳ ಮಜ್ಲಿಸ್ ಗೋಡೆ, ಮಶ್ರಬಿಯಾ ಜಾಲಂಧ್ರ, ಎಲ್ಲವೂ ಅವರ ಕೈಯಿಂದ ಹೋಗಿವೆ. ಊರಿಗೆ ಮರಳಿ ಸೋದರಳಿಯನೊಂದಿಗೆ ಇಂಟೀರಿಯರ್ ಅಂಗಡಿ ತೆರೆಯುವುದೆಂದು ನಿಶ್ಚಯಿಸಿದರು. ಅಳಿಯ ಫೋನಿನಲ್ಲಿ ಹೇಳಿದನಂತೆ: “ಮಾವ, ಬೋರ್ಡ್ ಬರೆಸುವ ಮೊದಲು ಇನ್‌ಸ್ಟಾಗ್ರಾಂ ಪೇಜ್ ಮಾಡುವ. ನೀವು ಮಾಡಿದ ಕೆಲಸದ ಫೋಟೊ ಕಳಿಸಿ.” ಆಚಾರ್ರ ಬಳಿ ಫೋಟೊ ಇರಲಿಲ್ಲ. ಸೈಟಿನೊಳಗೆ ಫೋನ್ ತೆಗೆಯುವಂತಿರಲಿಲ್ಲ. ಹ್ಯಾಂಡೋವರ್ ಆದ ಮೇಲೆ ಆ ಕೋಣೆಗಳನ್ನು ಅವರು ನೋಡಿದ್ದು ಕಂಪನಿಯ ಪೇಜಿನಲ್ಲಿ. ಅಲ್ಲಿ ಡಿಸೈನರ್ ಹೆಸರಿತ್ತು, ಫೋಟೊಗ್ರಾಫರ್ ಹೆಸರಿತ್ತು, ದೀಪ ಮಾರಿದ ಅಂಗಡಿಯ ಹೆಸರೂ ಇತ್ತು. ಸಾವಿರಗಟ್ಟಲೆ ಲೈಕು. “ಸಾರ್, ಇದು ನಾನು ಮಾಡಿದ್ದು ಅಂತ ಹೇಳಿದ್ರೆ ಊರಲ್ಲಿ ಯಾರು ನಂಬ್ತಾರೆ? ತೋರಿಸ್ಲಿಕ್ಕೆ ಎಂಥ ಉಂಟು ನನ್ನ ಹತ್ರ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಕಷ್ಟ ಫೋನಿನೊಂದಿಗೆ ಹುಟ್ಟಿದ್ದು ಎಂದು ನಾನು ಆಗ ತಿಳಿದಿದ್ದೆ. ಯಾರ್ಕ್‌ಷೈರ್ ತಿರುಗಿ ಬಂದ ಮೇಲೆ ಅದು ಇನ್ನೂರೈವತ್ತು ವರ್ಷಕ್ಕಿಂತ ಹಳೆಯದೆಂದು ಗೊತ್ತಾಯಿತು.

ಮ್ಯಾಂಚೆಸ್ಟರಿನಿಂದ ಲೀಡ್ಸ್ ಕಡೆಗೆ ಹೋಗುವ ರೈಲು ಪೆನೈನ್ ಬೆಟ್ಟಗಳ ಅಡಿಯ ಸ್ಟ್ಯಾಂಡೆಜ್ ಸುರಂಗ ದಾಟಿ ಹೊರಬಂದರೆ ಕೋಲ್ನ್ ನದಿಯ ಕಣಿವೆ. ಬೆಟ್ಟದಿಂದ ಇಳಿದು ಬರುವ ನೀರು ಇಲ್ಲಿ ಮೆದು. ಉಣ್ಣೆ ತೊಳೆಯಲು, ಬಣ್ಣ ಹಾಕಲು ಮೆದು ನೀರು ಬೇಕು. ಬೇಸಾಯಕ್ಕೆ ಒಗ್ಗದ ಈ ಬೆಟ್ಟದೂರು ಬಟ್ಟೆಯ ಊರಾಗಲು ಅದೇ ಮುಖ್ಯ ಕಾರಣ. ಹಡರ್ಸ್‌ಫೀಲ್ಡ್ ರೈಲು ನಿಲ್ದಾಣ 1850ರದು. ಎತ್ತರದ ಕಲ್ಲುಕಂಬಗಳ ಅದರ ಮುಂಭಾಗ ನೋಡಿದರೆ ಅರಮನೆಯ ಮುಂದೆ ಇಳಿದಂತಾಗುತ್ತದೆ. ಹೊರಗೆ ಇದೇ ಊರಿನಲ್ಲಿ 1916ರಲ್ಲಿ ಹುಟ್ಟಿ ಪ್ರಧಾನಿಯಾದ ಹೆರಾಲ್ಡ್ ವಿಲ್ಸನ್ನರ ಪ್ರತಿಮೆ ನಿಂತಿದೆ.

ಪಕ್ಕದ ಗೋಲ್ಕಾರ್ ಎಂಬ ಹಳ್ಳಿಯಲ್ಲಿ ನೇಕಾರರ ಹಳೆಯ ಮನೆಗಳನ್ನು ಮ್ಯೂಸಿಯಂ ಮಾಡಿ ಉಳಿಸಿದ್ದಾರೆ. ಕಲ್ಲಿನ ಮನೆ, ಮೇಲಿನ ಅಂತಸ್ತಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಕಿಟಕಿಗಳ ಸಾಲು. ಮಗ್ಗಕ್ಕೆ ಬೆಳಕು ಬೇಕಲ್ಲ! ನಮ್ಮ ಇಳಕಲ್ಲು, ಗುಳೇದಗುಡ್ಡದ ಕಡೆ ನೆಲದಲ್ಲಿ ಗುಂಡಿ ತೋಡಿ ಮಗ್ಗ ಹೂಡುತ್ತಿದ್ದರು. ಇವರು ಮಾಳಿಗೆ ಹತ್ತಿದರು. ಇಲ್ಲಿಯ ನೇಕಾರ ತಾನು ನೇಯ್ದ ಬಟ್ಟೆಯನ್ನು ಹೊತ್ತು ಮಂಗಳವಾರದ ಸಂತೆಗೆ ಬರುತ್ತಿದ್ದ. 1671ರಲ್ಲಿ ರ‍್ಯಾಮ್ಸ್‌ಡನ್ ಮನೆತನಕ್ಕೆ ಇಲ್ಲಿ ಸಂತೆ ನಡೆಸುವ ಹಕ್ಕು ಅರಸನಿಂದ ಸಿಕ್ಕಿತ್ತು. ಬಟ್ಟೆ ಮಾರಲು ಕಟ್ಟಡ ಇರಲಿಲ್ಲ. ಸೇಂಟ್ ಪೀಟರ್ಸ್ ಚರ್ಚಿನ ಸ್ಮಶಾನದ ಗೋಡೆಯ ಮೇಲೆ ಹರವಿ ನಿಲ್ಲುತ್ತಿದ್ದರು. ಅವನಿಗೆ ಇದ್ದ ಪ್ರಚಾರ ಅಷ್ಟೇ: ಒಂದು ಗೋಡೆ, ವಾರಕ್ಕೊಂದು ದಿನ, ಮಳೆ ಬಾರದಿದ್ದರೆ.

1766ರಲ್ಲಿ ಸರ್ ಜಾನ್ ರ‍್ಯಾಮ್ಸ್‌ಡನ್ ಇಲ್ಲಿ ಕ್ಲಾತ್ ಹಾಲ್ ಕಟ್ಟಿಸಿದ. ಇಟ್ಟಿಗೆಯ ದೊಡ್ಡ ದುಂಡು ಕಟ್ಟಡ, ಬೆಳಕು ಬರುವುದು ಒಳಗಿನ ಅಂಗಳದಿಂದ. ಈಗ ಅದು ಇಲ್ಲ. 1930ರಲ್ಲಿ ಕೆಡವಿದರು, ಆಮೇಲೆ ಆ ಜಾಗದಲ್ಲಿ ಸಿನಿಮಾ ಮಂದಿರ ಬಂತು. ಅದರ ಜೋಡಿಯನ್ನು ನೋಡಬೇಕೆಂದರೆ ಬಸ್ಸಿನಲ್ಲಿ ಹ್ಯಾಲಿಫ್ಯಾಕ್ಸ್‌ಗೆ ಹೋಗಬೇಕು. 1779ರಲ್ಲಿ ತೆರೆದ ಅಲ್ಲಿಯ ಪೀಸ್ ಹಾಲ್ ಇನ್ನೂ ನಿಂತಿದೆ. ವಿಶಾಲ ಅಂಗಳದ ಸುತ್ತ 315 ಕೋಣೆಗಳು. ಅಂದು ಒಂದೊಂದು ಕೋಣೆಯಲ್ಲಿ ಬಟ್ಟೆಯವರು ಸರಕು ಇಟ್ಟು ಕೂರುತ್ತಿದ್ದರು, ಇಂದು ಕಾಫಿ ಅಂಗಡಿ, ಉಡುಗೊರೆ ಅಂಗಡಿಗಳಿವೆ. ಮಗಳು ಅಂಗಳದ ನಡುವೆ ನಿಂತು ಫೋಟೊ ತೆಗೆದು ಆಗಲೇ ಇನ್‌ಸ್ಟಾಗ್ರಾಂಗೆ ಹಾಕಿದಳು.

ಈ ಹಾಲ್‌ಗಳಿಂದ ನೇಕಾರನ ಸರಕಿಗೆ ಸೂರು ಸಿಕ್ಕಿತು, ಹೆಸರು ಸಿಗಲಿಲ್ಲ. ಕೊಂಡ ವ್ಯಾಪಾರಿ ಬಟ್ಟೆಗೆ ಕೊನೆಯ ಹದ ಕೊಡಿಸಿ ಲಂಡನ್ನಿಗೆ, ಹೊರದೇಶಕ್ಕೆ ಕಳಿಸುತ್ತಿದ್ದ. ಅಲ್ಲಿಂದ ಮುಂದೆ ಅದು ವ್ಯಾಪಾರಿಯ ಬಟ್ಟೆ. ಗಿರಣಿಗಳ ಕಾಲದಲ್ಲಿ ಎರಡು ವಿಷಯ ಬದಲಾದವು. ಒಂದು, ಮಾದರಿ ಪುಸ್ತಕ. ನೇಯ್ದ ಪ್ರತಿಯೊಂದು ವಿನ್ಯಾಸದ ಸಣ್ಣ ತುಂಡು ಕತ್ತರಿಸಿ, ಅಂಟಿಸಿ, ನಂಬರು ಹಾಕಿ ಇಡುತ್ತಿದ್ದರು. ಗಿರಣಿಯ ಏಜೆಂಟ್ ಇಡೀ ಥಾನು ಹೊರುವ ಬದಲು ತುಂಡುಗಳ ಕಟ್ಟು ಹಿಡಿದು ಊರೂರು ತಿರುಗಿದ. ನಮ್ಮ ಟೈಲರುಗಳು ಮುಂದಿಡುವ ‘ಬಂಚ್’ ಅದೇ. ಇನ್ನೊಂದು, ಅಂಚಿನ ಹೆಸರು. ಚೀಟಿಯಾದರೆ ಕಿತ್ತು ಬೇರೆ ಬಟ್ಟೆಗೆ ಅಂಟಿಸಬಹುದು. ಅಂಚಿನ ಅಕ್ಷರವನ್ನು ಮಗ್ಗದ ಮೇಲೇ ನೇಯಬೇಕು. ಅದಕ್ಕೂ ನಕಲು ಬಂತೆನ್ನಿ. ಸುಳ್ಳು ಊರಿನ ಹೆಸರು ಹಾಕಿ ಮಾರುವುದು ಬ್ರಿಟನ್ನಿನಲ್ಲಿ 1887ರ ಮರ್ಚಂಡೈಸ್ ಮಾರ್ಕ್ಸ್ ಕಾಯ್ದೆಯಂತೆ ಅಪರಾಧವಾಯಿತು.

ಬಟ್ಟೆಯ ಮಾತು ಇಷ್ಟು ಸಾಕು. ಮನೆಯ ಒಳಗನ್ನು ಅಂದಗೊಳಿಸುವ ನಮ್ಮ ಕಸುಬಿನ ಮೂಲಪುರುಷನೂ ಇದೇ ಯಾರ್ಕ್‌ಷೈರಿನವನು. ಲೀಡ್ಸ್ ದಾಟಿ ಓಟ್ಲಿ ಎಂಬ ಸಣ್ಣ ಪೇಟೆ. ಅಲ್ಲಿ 1718ರಲ್ಲಿ ಬಡಗಿಯ ಮನೆಯಲ್ಲಿ ಹುಟ್ಟಿದವನು ಥಾಮಸ್ ಚಿಪ್ಪೆಂಡೇಲ್. ಹಳೆಯ ಶಾಲೆಯ ಪಕ್ಕ ಅವನ ಪ್ರತಿಮೆ ಇದೆ. ‘ಚಿಪ್ಪೆಂಡೇಲ್ ಕುರ್ಚಿ’ ಎಂಬ ಮಾತು ಜಾಯಿನರಿ ಶೆಡ್ಡಿನಲ್ಲಿ ಕೆಲಸ ಮಾಡಿದವರೆಲ್ಲ ಕೇಳಿರುತ್ತಾರೆ. ಅದು ಒಬ್ಬ ಮನುಷ್ಯನ ಹೆಸರು ಎಂದು ಬಹಳ ಜನರಿಗೆ ಗೊತ್ತಿಲ್ಲ. ನನಗೂ ಬಹುಕಾಲ ಗೊತ್ತಿರಲಿಲ್ಲ.

ಅವನು ಲಂಡನ್ ಸೇರಿದ, 1748ರಲ್ಲಿ ಮದುವೆಯಾದ. ಜೇಮ್ಸ್ ರ‍್ಯಾನಿ ಎಂಬ ಸ್ಕಾಟ್‌ಲೆಂಡಿನವನು ಬಂಡವಾಳ ಹಾಕಿ ಪಾಲುದಾರನಾದ. ಸೇಂಟ್ ಮಾರ್ಟಿನ್ಸ್ ಲೇನಿನಲ್ಲಿ ಕುರ್ಚಿಯ ಚಿತ್ರದ ಬೋರ್ಡು ತೂಗುಹಾಕಿ ಅಂಗಡಿ ತೆರೆದರು. ಲಂಡನ್ನಿನಲ್ಲಿ ಬಡಗಿಗಳಿಗೆ ಬರವೇ? ಎಲ್ಲೆಲ್ಲೂ ಇದ್ದರು. ಊರಿನಿಂದ ಬಂದ ಹೊಸಬನನ್ನು ಯಾರು ಕೇಳಬೇಕು? 1754ರಲ್ಲಿ ಅವನು ಒಂದು ಪುಸ್ತಕ ತಂದ: ‘ದಿ ಜಂಟಲ್‌ಮನ್ ಅಂಡ್ ಕ್ಯಾಬಿನೆಟ್ ಮೇಕರ್ಸ್ ಡೈರೆಕ್ಟರ್’. ಕುರ್ಚಿ, ಮಂಚ, ಕಪಾಟು, ಕನ್ನಡಿ ಚೌಕಟ್ಟು, ಮೇಜು ಎಂದು 160 ತಾಮ್ರಫಲಕಗಳ ಚಿತ್ರಗಳು. ಒಬ್ಬ ಬಡಗಿ ತನ್ನ ಕಸುಬಿನ ವಿನ್ಯಾಸಗಳನ್ನು ಈ ಪ್ರಮಾಣದಲ್ಲಿ ಪುಸ್ತಕವಾಗಿ ತಂದದ್ದು ಇಂಗ್ಲೆಂಡಿನಲ್ಲಿ ಅದೇ ಮೊದಲು. ಖರ್ಚಿಗೆ ಮುಂಗಡ ಚಂದಾ ಎತ್ತಿದ. 300ಕ್ಕೂ ಹೆಚ್ಚು ಜನ ಹೆಸರು ಕೊಟ್ಟರು. ಅದರಲ್ಲಿ ದೊರೆ ದಣಿಗಳಿಗಿಂತ ಅವನಂಥ ಕಸುಬುದಾರರೇ ಹೆಚ್ಚು. 1762ರ ಮೂರನೆಯ ಮುದ್ರಣದಲ್ಲಿ ಫಲಕಗಳು 200ಕ್ಕೆ ಏರಿದವು, ಫ್ರೆಂಚ್ ಭಾಷೆಯಲ್ಲೂ ಪುಸ್ತಕ ಬಂತು.

ಅಂಗಡಿಗೆ ಬಾರದವರ ಮನೆಯೊಳಕ್ಕೆ ಚಿತ್ರ ಹೋಯಿತು. ಊಟದ ಮೇಜಿನ ಸುತ್ತ ಕೂತು ಪುಟ ತಿರುಗಿಸಿ “ಇದು ನಮಗಿರಲಿ” ಎಂದು ಆರಿಸುವಂತಾಯಿತು. ಇಂದು ನಮ್ಮ ಗಿರಾಕಿಗಳು ಬೆರಳಿನಿಂದ ಮೇಲೆ ತಳ್ಳುತ್ತ ಫೋಟೊ ಸೇವ್ ಮಾಡಿಕೊಂಡು “ಇದೇ ತರಹ ಬೇಕು” ಎನ್ನುತ್ತಾರಲ್ಲ, ಅದೇ ಕೆಲಸ.

ಆ ಫಲಕಗಳ ಕೆಳತುದಿಯಲ್ಲಿ ಪಾರ್ಲಿಮೆಂಟಿನ ಕಾಯ್ದೆಯಂತೆ ಪ್ರಕಟಿಸಿದ್ದು ಎಂಬ ಸಾಲು ಇದೆ. ವಿಲಿಯಂ ಹೊಗಾರ್ತ್ ಎಂಬ ಚಿತ್ರಕಾರ ಮುಂದೆ ನಿಂತು ಮಾಡಿಸಿದ 1735ರ ಕಾಯ್ದೆ ಅದು. ಅಚ್ಚು ಹಾಕಿದ ಚಿತ್ರವನ್ನು 14 ವರ್ಷ ಯಾರೂ ನಕಲು ಮಾಡುವಂತಿರಲಿಲ್ಲ. ಆದರೆ ಚಿತ್ರಕ್ಕೆ ಇದ್ದ ರಕ್ಷಣೆ ಕುರ್ಚಿಗೆ ಇರಲಿಲ್ಲ! ಪುಸ್ತಕ ಕೊಂಡ ಯಾವ ಬಡಗಿಯೂ ನೋಡಿ ಮಾಡಬಹುದಿತ್ತು, ಮಾಡಿದರು ಕೂಡ. ಅಮೆರಿಕದ ಫಿಲಡೆಲ್ಫಿಯಾದ ಬಡಗಿಗಳು ಮಾಡಿದರು. ನಮ್ಮ ದೇಶದಲ್ಲೂ ವಿಶಾಖಪಟ್ಟಣದ ಕುಶಲಕರ್ಮಿಗಳು ಇಂಗ್ಲಿಷ್ ಮಾದರಿಯ ಕುರ್ಚಿ, ಪೆಟ್ಟಿಗೆಗಳಿಗೆ ದಂತ ಕೂರಿಸಿ ಕಂಪನಿ ಅಧಿಕಾರಿಗಳಿಗೆ ಮಾಡಿಕೊಡುತ್ತಿದ್ದ ಕಾಲ ಅದು.

ಇನ್ನೂ ಒಂದು ಆಕ್ಷೇಪ ಬಂದಿತ್ತು. ಈ ಚಿತ್ರಗಳು ಕಾಗದದ ಮೇಲೆ ಚೆಂದ, ಮರದಲ್ಲಿ ಮಾಡಲಾಗುವುದಿಲ್ಲ ಎಂದು ಕಸುಬಿನವರೇ ಕೆಲವರು ಆಡಿಕೊಂಡರು. ಪುಸ್ತಕದ ಮುನ್ನುಡಿಯಲ್ಲಿ ಅವನು ಅದಕ್ಕೆ ಖಡಕ್ಕಾಗಿ ಉತ್ತರಿಸಿ, ಇದರಲ್ಲಿನ ಪ್ರತಿಯೊಂದನ್ನೂ ತಾನು ಮಾಡಿಕೊಡಬಲ್ಲೆ ಎಂದು ಮಾತು ಕೊಟ್ಟಿದ್ದಾನೆ. ಇದನ್ನು ಓದಿದಾಗ ನನಗೆ ನಮ್ಮ ಆಫೀಸು ಕಣ್ಣಮುಂದೆ ಬಂತು. ಗಿರಾಕಿ ಕಂಪ್ಯೂಟರಿನಲ್ಲಿ, ಈಗೀಗ ಎಐಯಲ್ಲಿ ಹುಟ್ಟಿದ ಚಿತ್ರ ತಂದು ತೋರಿಸುತ್ತಾನೆ. ಕಾಲೇ ಇಲ್ಲದೆ ಗಾಳಿಯಲ್ಲಿ ತೇಲುವ ಆರು ಮೀಟರಿನ ಮೇಜು. ನಾವು ಫೋರ್‌ಮನ್ ಮುಖ ನೋಡುತ್ತೇವೆ, ಫೋರ್‌ಮನ್ ಛಾವಣಿ ನೋಡುತ್ತಾನೆ.

ಪುಸ್ತಕದಿಂದ ಕೆಲಸ ಬಂತು. ಲೀಡ್ಸ್ ಸಮೀಪದ ಹೇರ್‌ವುಡ್ ಹೌಸ್, ವೇಕ್‌ಫೀಲ್ಡ್ ಹತ್ತಿರದ ನಾಸ್ಟೆಲ್ ಪ್ರಯರಿ, ಎರಡೂ ಇಂದಿಗೂ ಹೋಗಿ ನೋಡಬಹುದಾದ ಬಂಗಲೆಗಳು. ಹೇರ್‌ವುಡ್ಡಿನ ಹಿಂದಿನ ಹಣ ವೆಸ್ಟ್ ಇಂಡೀಸಿನ ಸಕ್ಕರೆ ಮತ್ತು ಗುಲಾಮರ ದುಡಿಮೆಯದು. ಆ ಕೋಣೆಗಳ ಚೆಲುವು ನೋಡುವಾಗ ಇದನ್ನು ಮರೆಯಲಾಗದು. ನಾಸ್ಟೆಲ್ಲಿನಲ್ಲಿ ಅವನು ಕುರ್ಚಿ ಮೇಜು ಮಾತ್ರ ಮಾಡಲಿಲ್ಲ. ಹಕ್ಕಿ ಹೂಗಳ ಚೀನೀ ಗೋಡೆ ಕಾಗದ ತರಿಸಿ ಅಂಟಿಸಿದ, ಪರದೆ ಹೊಲಿಸಿದ, ಹಾಸಿಗೆ ಒದಗಿಸಿದ. ಕಡೆಗೆ ಅಡುಗೆಮನೆಗೆ ಮಾಂಸ ಕಡಿಯುವ ಮರದ ದಿಮ್ಮಿಯನ್ನೂ ಬಿಲ್ಲಿಗೆ ಸೇರಿಸಿ ಕೊಟ್ಟ. ನಾವು ‘ಟರ್ನ್‌ಕೀ’ ಎನ್ನುತ್ತೇವಲ್ಲ, ಅದು ಇದೇ.

ಹಣ ಮಾತ್ರ ಸರಿಯಾಗಿ ಬರಲಿಲ್ಲ. ನಾಸ್ಟೆಲ್ಲಿನ ಒಡೆಯ ಸರ್ ರೋಲಂಡ್ ವಿನ್‌ಗೆ ಬಾಕಿ ಕೊಡಿ ಎಂದು ಬೇಡಿಕೊಂಡು ಅವನು ಬರೆದ ಪತ್ರಗಳು ಉಳಿದಿವೆ. ಆ ಕಡೆಯಿಂದ ಕೆಲಸ ತಡವಾಯಿತೆಂಬ ಬೈಗುಳ. ಇಲ್ಲಿ ರಿಟೆನ್ಷನ್ ಹಣಕ್ಕಾಗಿ ಗಿರಾಕಿಯ ಆಫೀಸಿನ ಹೊರಗೆ ಕಾದು ಕೂತ ಗುತ್ತಿಗೆದಾರರಿಗೆ ಆ ಪತ್ರಗಳನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಊರೆಲ್ಲ ಹೆಸರು ಮಾಡಿದ ಚಿಪ್ಪೆಂಡೇಲ್ 1779ರಲ್ಲಿ ತೀರಿಕೊಂಡಾಗ ಶ್ರೀಮಂತನಾಗಿರಲಿಲ್ಲ. ಅದೇ ಅಂಗಡಿ ಮುಂದುವರಿಸಿದ ಮಗ 1804ರಲ್ಲಿ ದಿವಾಳಿಯಾದ.

ನನ್ನನ್ನು ಬಹಳ ಹಿಡಿದು ನಿಲ್ಲಿಸಿದ್ದು ಬೇರೊಂದು ವಿಷಯ. ಪುಸ್ತಕದ ಮೊದಲ ಪುಟದಲ್ಲೇ ಹೆಸರು ಹಾಕಿಕೊಂಡ ಈ ಮನುಷ್ಯ ತಾನು ಮಾಡಿದ ಸಾಮಾನಿನ ಮೇಲೆ ಹೆಸರು ಹಾಕುತ್ತಿರಲಿಲ್ಲ. ಇಂದು ಒಂದು ಮೇಜು ಅವನ ಅಂಗಡಿಯದೇ ಎಂದು ಹೇಳಬೇಕಾದರೆ ಬಿಲ್ಲು, ಪತ್ರ ಹುಡುಕಬೇಕು. ಹಾಗಾಗಿ ಅವನು ಮುಟ್ಟದ ಸಾವಿರಾರು ಕುರ್ಚಿಗಳು ಅವನ ಹೆಸರಿನಲ್ಲಿ ಓಡಾಡುತ್ತಿವೆ. ಇನ್ನು ಅವನ ಕೈಕೆಳಗಿನ ಆಚಾರ್ರುಗಳು? 1755ರ ಏಪ್ರಿಲಿನಲ್ಲಿ ಅವನ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ 22 ಕೆಲಸಗಾರರ ಉಪಕರಣದ ಪೆಟ್ಟಿಗೆಗಳಿದ್ದವು ಎಂದು ಅಂದಿನ ಪತ್ರಿಕೆಯ ಸುದ್ದಿ. ಆ ಅಂಗಡಿಯಲ್ಲಿ ಎಷ್ಟು ಜನ ದುಡಿಯುತ್ತಿದ್ದರೆಂದು ಲೆಕ್ಕ ಹಾಕಲು ಇಂದು ಆಧಾರವಾಗುವುದು ಆ ಪೆಟ್ಟಿಗೆಗಳ ಸಂಖ್ಯೆ. ಉಳಿ, ಗರಗಸ ಸುಟ್ಟುಹೋಗದಿದ್ದರೆ ಆ 22 ಜನ ಲೆಕ್ಕಕ್ಕೂ ಸಿಗುತ್ತಿರಲಿಲ್ಲ.

ಅದೇ ಕಾಲದಲ್ಲಿ ಬರ್ಮಿಂಗ್‌ಹ್ಯಾಮಿನ ಉತ್ತರಕ್ಕಿರುವ ಸ್ಟಾಫರ್ಡ್‌ಷೈರಿನ ಬರ್ಸ್ಲಮ್ಮಿನಲ್ಲಿ ಜೊಸಾಯಾ ವೆಜ್‌ವುಡ್ ಎಂಬ ಕುಂಬಾರ ಈ ಪಾಠವನ್ನು ಇನ್ನೂ ಚೆನ್ನಾಗಿ ಕಲಿತಿದ್ದ. ಹಸಿ ಮಣ್ಣಿನ ಮೇಲೇ ಹೆಸರು ಒತ್ತಿಸುತ್ತಿದ್ದ. ರಾಣಿ ಶಾರ್ಲಟ್ ಅವನ ಪಾತ್ರೆ ಕೊಂಡದ್ದೇ ತಡ, ಅದಕ್ಕೆ ‘ಕ್ವೀನ್ಸ್ ವೇರ್’ ಎಂದು ಹೆಸರಿಟ್ಟ. ರಷ್ಯಾದ ಮಹಾರಾಣಿ ಕ್ಯಾಥರೀನಳಿಗಾಗಿ 952 ಪಾತ್ರೆಗಳ ಊಟದ ಸೆಟ್ಟು ಮಾಡಿದಾಗ ಅದನ್ನು ಕೂಡಲೇ ಹಡಗಿಗೆ ಹಾಕಲಿಲ್ಲ. 1774ರಲ್ಲಿ ಲಂಡನ್ನಿನ ತನ್ನ ಶೋರೂಮಿನಲ್ಲಿ ಜನ ನೋಡಲೆಂದು ಜೋಡಿಸಿಟ್ಟ. ಅದರ ಮೇಲೆ ಇಂಗ್ಲೆಂಡಿನ ಬಂಗಲೆ, ಉದ್ಯಾನಗಳ ಸಾವಿರಕ್ಕೂ ಹೆಚ್ಚು ಚಿತ್ರಗಳಿದ್ದವು. ತಮ್ಮ ತಮ್ಮ ಮನೆಯ ಚಿತ್ರ ಯಾವ ತಟ್ಟೆಯ ಮೇಲಿದೆ ಎಂದು ನೋಡಲು ಆ ಮನೆಯವರಿಗೆ ಆಸೆಯಾಗದಿರುತ್ತದೆಯೇ? ಇಂದು ಪೋಸ್ಟಿನಲ್ಲಿ ಗಿರಾಕಿಯನ್ನು ಟ್ಯಾಗ್ ಮಾಡುತ್ತಾರಲ್ಲ, ಅವರು ತಮ್ಮ ನೆಂಟರಿಷ್ಟರಿಗೆಲ್ಲ ಕಳಿಸಲಿ ಎಂದು, ಅದನ್ನು ಈ ಕುಂಬಾರ ತಟ್ಟೆಯ ಮೇಲೆ ಮಾಡಿದ. ಜರ್ಮನಿಯ ಸುಮಾರು ಸಾವಿರ ಶ್ರೀಮಂತರಿಗೆ ಕೇಳದೆಯೇ ಪಾರ್ಸೆಲ್ ಕಳಿಸಿ, ಬೇಕಾದರೆ ಹಣ ಕೊಡಿ ಎಂದ ಭೂಪನೂ ಇವನೇ.

ಕರಾವಳಿಯವರಿಗೆ ಮಣ್ಣಿನ ಮೇಲೆ ಹೆಸರು ಒತ್ತುವುದು ಹೊಸದಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿಯ ಮಣ್ಣು, ಕಾರ್ಖಾನೆಯ ಅಚ್ಚು, ಪ್ರತಿ ಹೆಂಚಿನ ಮೈಮೇಲೆ ಕಾರ್ಖಾನೆಯ ಹೆಸರು. ಆ ಹೆಂಚು ಹಡಗಿನಲ್ಲಿ ಎಲ್ಲೆಲ್ಲಿಗೆ ಹೋಯಿತೋ ಮಂಗಳೂರಿನ ಹೆಸರೂ ಅಲ್ಲಿಗೆ ಹೋಯಿತು. ನಾನು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಲು ಕಲಿತದ್ದು ಶಾಲೆಯಲ್ಲಲ್ಲ. ಮಳೆಗಾಲದ ಮುಂಚೆ ಮಾಡು ಸರಿಮಾಡುವಾಗ ಅಜ್ಜ ಕೆಳಗಿಳಿಸಿ ಕೊಡುತ್ತಿದ್ದ ಹೆಂಚುಗಳ ಮೇಲೆ. ಮಣ್ಣು ಹೊತ್ತ, ಅಚ್ಚಿಗೆ ಒತ್ತಿದ, ಸುಟ್ಟ ಕೈಗಳ ಹೆಸರು ಅಲ್ಲಿಯೂ ಇರಲಿಲ್ಲ. ಅದನ್ನು ಆ ವಯಸ್ಸಿನಲ್ಲಿ ಯೋಚಿಸಿರಲಿಲ್ಲ, ಅಷ್ಟೇ.

ಇಪ್ಪತ್ತನೆಯ ಶತಮಾನದ ಕಥೆಯನ್ನು ಬೇಗ ಮುಗಿಸುತ್ತೇನೆ. 1908ರಲ್ಲಿ ಲಂಡನ್ನಿನಲ್ಲಿ ಡೈಲಿ ಮೇಲ್ ಪತ್ರಿಕೆ ಐಡಿಯಲ್ ಹೋಮ್ ಎಂಬ ಪ್ರದರ್ಶನ ಆರಂಭಿಸಿತು. ಸ್ವೀಡನ್ನಿನ ಐಕಿಯಾದ ಕ್ಯಾಟಲಾಗ್ 1951ರಲ್ಲಿ ಬಂತು. ಬ್ರಿಟನ್ನಿನಲ್ಲಿ ಅವರ ಮೊದಲ ಮಳಿಗೆ 1987ರಲ್ಲಿ ತೆರೆದದ್ದು ಲಂಡನ್ನಿನಲ್ಲಲ್ಲ, ಮ್ಯಾಂಚೆಸ್ಟರ್ ಬಳಿಯ ವಾರಿಂಗ್ಟನ್ನಿನಲ್ಲಿ. 70 ವರ್ಷ ನಡೆದ ಆ ಕ್ಯಾಟಲಾಗ್ ಇನ್ನು ಅಚ್ಚಾಗುವುದಿಲ್ಲ ಎಂದು 2020ರ ಡಿಸೆಂಬರಿನಲ್ಲಿ ಘೋಷಿಸಿದರು. ಅದಕ್ಕೂ ಮೊದಲೇ, 2014ರ ಹೊತ್ತಿಗೆ, ಅದರಲ್ಲಿನ ಸಾಮಾನುಗಳ ಚಿತ್ರಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಕ್ಯಾಮೆರಾದಿಂದ ತೆಗೆದವಲ್ಲ, ಕಂಪ್ಯೂಟರಿನಲ್ಲಿ ಕಟ್ಟಿದವು. ಅಂದರೆ ಆ ಅಡುಗೆಮನೆಗಳು ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ಪುಟ ಫೋನಿಗೆ ಬಂದಿತ್ತು. ಕ್ಯಾಲಿಫೋರ್ನಿಯಾದಲ್ಲಿ ತಮ್ಮ ಮನೆ ದುರಸ್ತಿ ಮಾಡಿಸಲು ಹೊರಟು ಸರಿಯಾದ ಮಾಹಿತಿ ಸಿಗದೆ ಬೇಸತ್ತ ದಂಪತಿ 2009ರಲ್ಲಿ ಹೌಝ್ ಆರಂಭಿಸಿದರು. 2010ರಲ್ಲಿ ಪಿಂಟರೆಸ್ಟ್ ಬಂತು, ಅದೇ ವರ್ಷದ ಅಕ್ಟೋಬರಿನಲ್ಲಿ ಇನ್‌ಸ್ಟಾಗ್ರಾಂ. 2016ರಲ್ಲಿ ಇನ್‌ಸ್ಟಾಗ್ರಾಂ ವ್ಯಾಪಾರಿಗಳಿಗೆ ಬೇರೆ ಬಗೆಯ ಖಾತೆ ಕೊಟ್ಟಿತು. ಎಷ್ಟು ಜನ ನೋಡಿದರು, ಯಾವ ಊರಿನವರು ಎಂಬ ಲೆಕ್ಕ ಅಂಗಡಿಯವನಿಗೆ ಸಿಗತೊಡಗಿತು. ಚರ್ಚಿನ ಗೋಡೆಯ ಮುಂದೆ ನಿಂತ ನೇಕಾರನಿಗೂ, ತಾಮ್ರಫಲಕದ ಚಿಪ್ಪೆಂಡೇಲನಿಗೂ ಸಿಗದ ಲೆಕ್ಕ ಅದು. 2020ರಲ್ಲಿ ಕೊರೊನಾದಿಂದ ಜನ ಮನೆಯಲ್ಲೇ ಉಳಿದು ತಮ್ಮ ಗೋಡೆಗಳನ್ನೇ ನೋಡುತ್ತ ಕೂತರು. ಅದೇ ವರ್ಷ ರೀಲ್ಸ್ ಬಂತು. ಆಮೇಲಿನದು ನಿಮಗೆಲ್ಲ ಗೊತ್ತು.

ಮಗಳ ತರಗತಿಯವರು ಈ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲರು. ಅವರ ಮಾತು ಕೇಳಿ, ನಮ್ಮ ಆಫೀಸಿನ ಅನುಭವ ಕೂಡಿಸಿ ನಾನು ತಿಳಿದದ್ದು ಇಷ್ಟು. ಮುಗಿದ ಕೋಣೆಯ ಹೊಳೆಯುವ ಫೋಟೊ ಹತ್ತು ಸಾವಿರ ಜನರ ಬಳಿ ಇದೆ. ಅದರಿಂದ ಲೈಕು ಬರುತ್ತದೆ. ವಿಚಾರಣೆ ಬರುವುದು ಕೆಲಸ ನಡೆಯುತ್ತಿರುವ ವಿಡಿಯೊದಿಂದ: ಹಳೆಯ ಗೋಡೆ ಹೇಗಿತ್ತು, ತೇವ ಎಲ್ಲಿತ್ತು, ಪ್ಲೈವುಡ್ ಯಾವ ದರ್ಜೆಯದು, ಡ್ರಾಯರ್ ಹೇಗೆ ಕೂರಿಸಿದರು. ಊರಿನ ಹೆಸರು ಹಾಕಲೇಬೇಕು. ಕಾರ್ಕಳದ ಅಂಗಡಿಗೆ ಕೆನಡಾದ ಲೈಕಿನಿಂದ ಏನು ಬಂತು? ಪೋಸ್ಟಿನ ಕೆಳಗೆ ದರ ಕೇಳಿದವರಿಗೆ ಆ ದಿನವೇ ಉತ್ತರ ಹೋಗಬೇಕು. ಇನ್ನೊಬ್ಬರ ಕೆಲಸದ ಫೋಟೊ ತನ್ನದೆಂದು ಹಾಕಿದವನು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾನೆ, ಏಕೆಂದರೆ ಫೋಟೊದ ಮೂಲ ಹುಡುಕುವ ವಿದ್ಯೆ ಈಗ ಗಿರಾಕಿಯ ಮಕ್ಕಳಿಗೂ ಗೊತ್ತು.

ಗಲ್ಫಿನಲ್ಲಿರುವ ನಮಗೆ ಇನ್ನೊಂದು ತೊಡಕಿದೆ, ಅದನ್ನು ಬಿಡಿಸಿಯೇ ಹೇಳುತ್ತೇನೆ. ಆಚಾರ್ರ ಗೋಳು ಕೇಳಿದ ನಮ್ಮ ಹುಡುಗರು “ಕದ್ದು ನಾಲ್ಕು ಫೋಟೊ ತೆಗೆಯಬೇಕಿತ್ತು” ಎಂದರು. ಬೇಡ. ಯುಎಇಯ 2021ರ ಸೈಬರ್ ಅಪರಾಧ ಕಾನೂನು ಇನ್ನೊಬ್ಬರ ಖಾಸಗಿತನಕ್ಕೆ ಧಕ್ಕೆ ತರುವ ಫೋಟೊವನ್ನು ಅನುಮತಿಯಿಲ್ಲದೆ ತೆಗೆದು ಹರಡುವುದನ್ನು ಅಪರಾಧವೆನ್ನುತ್ತದೆ. ಒಬ್ಬರ ಮಲಗುವ ಕೋಣೆಯ ಫೋಟೊ, ನಾವೇ ಮಾಡಿದ ವಾರ್ಡ್‌ರೋಬ್ ಅದರಲ್ಲಿದ್ದರೂ, ಅವರ ಕೋಣೆಯ ಫೋಟೊವೇ. ಕಂಪನಿಯ ವೀಸಾದಲ್ಲಿದ್ದು ಪೇಜ್ ಮಾಡಿ ಹೊರಗಿನ ಕೆಲಸ ಹಿಡಿಯುವುದಂತೂ ಕೆಲಸವನ್ನೂ ವೀಸಾವನ್ನೂ ಕಳೆದುಕೊಳ್ಳುವ ದಾರಿ. ಕೇಳಿ ಪಡೆಯುವುದೊಂದೇ ಉಳಿದ ದಾರಿ. ಹ್ಯಾಂಡೋವರ್ ದಿನ ಪ್ರಾಜೆಕ್ಟ್ ಮ್ಯಾನೇಜರಿಗೆ ಒಂದು ಈಮೇಲ್: ನಾನು ಮಾಡಿದ ಈ ಭಾಗದ ಒಂದು ಫೋಟೊ, ಮನೆಯ ಗುರುತು ಕಾಣದಂತೆ, ನನ್ನ ಬಳಿ ಇಟ್ಟುಕೊಳ್ಳಬಹುದೇ? ಹತ್ತರಲ್ಲಿ ಎಂಟು ಸಲ ಉತ್ತರವೇ ಬರುವುದಿಲ್ಲ. ಎರಡು ಬಂದರೆ ಆ ಎರಡು ಕಾಗದದ ಮೇಲಿರುತ್ತವೆ. ಕೆಲಸ ಬಿಡುವಾಗ ಕೊಡುವ ಅನುಭವ ಪತ್ರದಲ್ಲಿ ಬರೀ ‘ಕಾರ್ಪೆಂಟರ್’ ಎನ್ನದೆ ಯಾವ ಯಾವ ಬಗೆಯ ಕೆಲಸ ಮಾಡಿದ್ದೆಂದು ಬರೆಸಿಕೊಳ್ಳಬಹುದು. ಕಂಪನಿಗಳು ಪೋಸ್ಟಿನ ಕೆಳಗೆ ದೀಪದ ಅಂಗಡಿಯ ಜೊತೆ ಫೋರ್‌ಮನ್ನಿನ ಹೆಸರನ್ನೂ ಬರೆದರೆ ಅವರ ಗಂಟೇನು ಹೋಗುತ್ತದೆ ಎಂದು ನಾನು ಒಂದು ಮೀಟಿಂಗಿನಲ್ಲಿ ಕೇಳಿದ್ದೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ.

ಹಡರ್ಸ್‌ಫೀಲ್ಡಿನಿಂದ ಹೊರಡುವ ಹಿಂದಿನ ದಿನ ರಾವೆನ್ಸ್‌ನೋಲ್ ಪಾರ್ಕಿಗೆ ಹೋಗಿದ್ದೆವು. ಕೆಡವಿದ ಕ್ಲಾತ್ ಹಾಲಿನ ಕೆಲವು ಭಾಗಗಳನ್ನು, ಗಡಿಯಾರ ಸಮೇತ, ಅಲ್ಲಿ ತಂದು ಒಂದು ಮಂಟಪದಂತೆ ನಿಲ್ಲಿಸಿದ್ದಾರೆ. ಮಳೆ ಹನಿಯುತ್ತಿತ್ತು. ಅದರ ಕೆಳಗೆ ಕೂತು ಆಚಾರ್ರಿಗೆ ಫೋನ್ ಮಾಡಿದೆ. ಅವರು ಆಗಲೇ ಊರು ಸೇರಿದ್ದರು, ಅಂಗಡಿಗೆ ಶಟರ್ ಹಾಕಿಸುತ್ತಿದ್ದರು. ಮಾದರಿ ಪುಸ್ತಕದ ಸುದ್ದಿ ಹೇಳಿದೆ. ಥಾನು ಹೊರಲಾಗದವರು ತುಂಡು ಹಿಡಿದು ಹೋಗುತ್ತಿದ್ದರಂತೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹೌದಲ್ಲ ಮಾರಾಯ್ರೆ, ಕೈ ನನ್ನ ಹತ್ರವೇ ಉಂಟಲ್ಲ” ಎಂದರು.

ಮುಂದಿನ ಎರಡು ತಿಂಗಳು ಅವರು ಮನೆಯ ಹಿಂದಿನ ಚಪ್ಪರದಲ್ಲಿ ಕೂತು ತುಂಡುಗಳನ್ನು ಮಾಡಿದರು. ಡ್ರಾಯರಿನ ಒಂದು ಮೂಲೆ, ಒಂದಡಿ ಚೌಕದ ಜಾಲಂಧ್ರ, ವಿನೀರ್ ಗೆರೆಗೆ ಗೆರೆ ಕೂಡಿಸಿದ ಹಲಗೆ, ಮೊಳೆಯಿಲ್ಲದೆ ಕೂಡಿಸಿದ ಹಲಸಿನ ಮರದ ಎರಡು ಕೋಲು. ಒಟ್ಟು 16. ಅಳಿಯ ಪ್ರತಿಯೊಂದನ್ನೂ ಮಾಡುವಾಗ ವಿಡಿಯೊ ತೆಗೆದ. ಮುಖ ಕಾಣುವುದಿಲ್ಲ, ಕೈ ಮಾತ್ರ. ಪೇಜಿನ ಹೆಸರು ಆಚಾರ್ರದೇ, ಕನ್ನಡ ಅಕ್ಷರದಲ್ಲಿ. ಐನೂರು ಚಿಲ್ಲರೆ ಜನ ಹಿಂಬಾಲಿಸುತ್ತಿದ್ದಾರೆ, ಅಂಥ ದೊಡ್ಡ ಸಂಖ್ಯೆಯೇನಲ್ಲ. ಜಾಲಂಧ್ರದ ವಿಡಿಯೊ ನೋಡಿ ಮೂಡುಬಿದಿರೆಯಿಂದ ಒಬ್ಬರು ದೇವರ ಕೋಣೆಯ ಬಾಗಿಲಿಗೆ ಮುಂಗಡ ಕೊಟ್ಟರು.

ಮೊನ್ನೆ ಆ ಬಾಗಿಲಿನ ಫೋಟೊ ಬಂತು. ಮುಂಭಾಗದ್ದಲ್ಲ, ಕೂಡಿಸುವ ಮೊದಲು ತೆಗೆದದ್ದು. ಕೆಳಪಟ್ಟಿಯ ಒಳಬದಿಯಲ್ಲಿ ಉಳಿಯಿಂದ ಕೊರೆದ ಎರಡಕ್ಷರ, ಪಕ್ಕದಲ್ಲಿ ಇಸವಿ. ಜೊತೆಗೊಂದು ವಾಯ್ಸ್ ಮೆಸೇಜು: “ಕೂರಿಸಿದ ಮೇಲೆ ಇದು ಯಾರಿಗೂ ಕಾಣ್ಲಿಕ್ಕಿಲ್ಲ ಸಾರ್. ಮುಂದೆ ಯಾರಾದ್ರೂ ರಿಪೇರಿಗೆ ಬಿಚ್ಚಿದ್ರೆ ಕಾಣ್ತದೆ.”